ನಾಲ್ಕನೆಯ ಚರ್ಚಿನ ಉತ್ತರದ ಗೋಡೆ

ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು ಅವಳ ಕೆಲಸ. ನಲವತ್ತು ದಾಟಿದ್ದರೂ ಸೋದರಮಾವನಿಗೆ ಇನ್ನೂ ಪುಟ್ಟಿಯೇ. ಮಾವ ಗಾರೆ ಮೇಸ್ತ್ರಿ. ಕೆಲಸ ಬಿಟ್ಟ ಮೇಲೆ ಕೂತು ಕೂತು ಕೈ ಜಡ್ಡುಗಟ್ಟುತ್ತದೆ ಎಂದು ಅವಳ ಟೇಪಿನ ಇನ್ನೊಂದು ತುದಿ ಹಿಡಿಯಲು ಬಂದಿದ್ದ.

ನದಿಯ ದಂಡೆಯುದ್ದಕ್ಕೂ ನಾಲ್ಕು ಚರ್ಚುಗಳು. ನಾಲ್ಕಕ್ಕೂ ಮಹಾದೂತ ಮಿಕಾಯೇಲನದೇ ಹೆಸರು. ಇನ್ನೂರು ವರ್ಷದ ಹಿಂದೆ ಒಬ್ಬನೇ ಮೇಸ್ತ್ರಿ ಒಂದಾದ ಮೇಲೊಂದು ಕಟ್ಟಿದವು. ಅವೇ ಗಿಡ್ಡ ಕಂಬಗಳು, ಅದೇ ಚೂಪು ಕಮಾನು. ಅವುಗಳ ನಕ್ಷೆ, ಚರಿತ್ರೆ ಎರಡನ್ನೂ ಅವಳು ಬರೆದುಕೊಡಬೇಕಿತ್ತು.

ಮೊದಲನೆಯದರಲ್ಲೇ ಒಳ ಅಳತೆಗೂ ಹೊರ ಅಳತೆಗೂ ತಾಳೆಯಾಗಲಿಲ್ಲ. ಉತ್ತರದ ಗೋಡೆ ಉಳಿದವಕ್ಕಿಂತ ಎರಡಡಿ ದಪ್ಪ. ಮಾವ ಬೆರಳಗೆಣ್ಣಿನಿಂದ ತಟ್ಟಿದ. ಟೊಳ್ಳು. ಹೊರಗೆ ಹೋಗಿ ನೋಡಿದರೆ ಅದೇ ಜಾಗದಲ್ಲಿ ಆಳೆತ್ತರದ ತೇಪೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರಷ್ಟೇ ಕಾಣುವಷ್ಟು ನಯವಾಗಿ ಸವರಿದ್ದು. ಎರಡನೆಯದರಲ್ಲೂ ಹಾಗೇ. ಅಲ್ಲಿ ಗೋಡೆಯ ಪಕ್ಕ ಕೂತು ಬರೆಯುವಾಗ, ಯಾರೋ ಬೆನ್ನ ಹಿಂದೆ ಬಗ್ಗಿ ತನ್ನ ಪುಸ್ತಕ ನೋಡುತ್ತಿರುವಂತೆ ಅವಳಿಗೆ ಅನ್ನಿಸಿತು. ಕತ್ತಿನ ಮೇಲೆ ಉಸಿರು ತಾಗಿತು. ತಿರುಗಿದರೆ ಖಾಲಿ ಬೆಂಚುಗಳು. ಮಾವ ಆಚೆ ಮೂಲೆಯಲ್ಲಿ ಟೇಪು ಸುತ್ತುತ್ತಿದ್ದ. ಅವಳು ಪುಸ್ತಕ ಮುಚ್ಚಿ ಬಿಸಿಲಿಗೆ ಎದ್ದುಹೋದಳು.

ಮೂರನೆಯ ಚರ್ಚಿನ ಬೀಗದ ಕೈ ಒಬ್ಬ ಅಜ್ಜಿಯ ಹತ್ತಿರವಿತ್ತು. ತೇಪೆಯ ಬಗ್ಗೆ ಕೇಳಿದ್ದಕ್ಕೆ ಅವರು ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು. ಮೇಸ್ತ್ರಿಯ ಹೆಂಡತಿ ಬಾವಿಗೆ ಹಾರಿದ್ದಳಂತೆ. ಹಾಗೆ ಸತ್ತವಳಿಗೆ ಸಮಾಧಿಯ ಜಾಗವಿಲ್ಲ ಎಂದರಂತೆ ಆಗಿನ ಪಾದ್ರಿ. ಮೇಸ್ತ್ರಿ ಅವಳನ್ನು ತಾನು ಕಟ್ಟುತ್ತಿದ್ದ ಗೋಡೆಯೊಳಗೇ ಇಟ್ಟ. ಮುಂದಿನ ಊರಿಗೆ ಹೊರಟಾಗ ಗೋಡೆ ಬಿಚ್ಚಿ, ಮೂಳೆಗಳನ್ನು ಕಟ್ಟಿಕೊಂಡು ಹೋದ. ಪ್ರತಿ ಊರಿನಲ್ಲೂ ಅವನದು ಒಂದೇ ಷರತ್ತು, ಚರ್ಚಿಗೆ ಮಿಕಾಯೇಲನ ಹೆಸರೇ ಇಡಬೇಕು.

"ಯಾಕಂತೆ?" ಎಂದಳು.

"ಕಾಯೋ ದೂತ ಬದಲಾದ್ರೆ ಅವಳು ಹೆದರ್ತಾಳೆ ಅಂತಿದ್ದನಂತೆ," ಎಂದು ಅಜ್ಜಿ ಬೀಗ ಹಾಕಿಕೊಂಡರು.

ನಾಲ್ಕನೆಯದರ ಗೋಡೆ ಬಿರುಕು ಬಿಟ್ಟಿತ್ತು. ಇಲ್ಲೂ ಹೊರಗೆ ತೇಪೆ. ಆದರೆ ಒರಟು, ಕಲ್ಲುಗಳ ಸಂದಿಯಿಂದ ಗಾರೆ ಉಕ್ಕಿ, ಹಾಗೇ ಒಣಗಿತ್ತು. ಮಾವ ಅದರ ಮೇಲೆ ಕೈಯಾಡಿಸಿದ.

"ಅಷ್ಟು ಒಳ್ಳೆ ಕೆಲಸಗಾರ. ಇಲ್ಲಿ ಯಾಕೆ ಸವರಲಿಲ್ಲ?"

ಬಿರುಕು ರಿಪೇರಿಯಾಗಲೇಬೇಕಿತ್ತು. ಈಗಿನ ಪಾದ್ರಿ, ಚಿಕ್ಕ ವಯಸ್ಸಿನವರು, ಒಂದು ಕಲ್ಲು ತೆಗೆಯಲು ಒಪ್ಪಿದರು. ಮಾವ ಟಾರ್ಚ್ ಹಿಡಿದು ತಲೆ ತೂರಿಸಿ, ತೇಪೆಯ ಒಳಮೈಯ ಮೇಲೆ ಬೆಳಕು ಹಾಯಿಸಿದ. ಹೊರಗೆಳೆದುಕೊಂಡಾಗ ಮುಖ ಸುಣ್ಣವಾಗಿತ್ತು.

"ಪುಟ್ಟಿ, ಒಳಗಡೆ ನುಣುಪಾಗಿದೆ. ಮೇಸ್ತ್ರಿ ಒಳಗೆ ನಿಂತು ಸವರಿದಾನೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮಾವನ ಕೈಯಿಂದ ಟಾರ್ಚ್ ತೆಗೆದುಕೊಂಡಳು. ತಾನೂ ತಲೆ ತೂರಿಸಿ ನೋಡಿದಳು. ಮೂಳೆ ಕಟ್ಟಿದ್ದ ಬಟ್ಟೆಯ ಗಂಟಿಗೆ ಒರಗಿಕೊಂಡು ಇನ್ನೊಬ್ಬರ ಮೂಳೆಗಳು, ಪಕ್ಕದಲ್ಲಿ ಗಾರೆ ಸವರುವ, ತುಕ್ಕು ಹಿಡಿದ ಕರಣೆ.

ಮೂರನೆಯ ದಿನ ಬೆಳಗ್ಗೆ ಪಾದ್ರಿ ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಸಮಾಧಿಯ ಅಂಗಳದ ನಡುಮಧ್ಯೆ ಹೂಳಿಸಿದರು. ಹೆಂಗಸಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಹೆಸರು ಬರಬೇಕಾದ ಕಡೆ ಅವರು ಒಂದು ಕ್ಷಣ ಸುಮ್ಮನಾದರು. ಗಾಳಿ ಇರಲಿಲ್ಲ, ಆದರೂ ಆ ಮೌನದಲ್ಲಿ ಯಾರೋ ಮೆಲ್ಲಗೆ ಓಗೊಟ್ಟಂತೆ ಅವಳಿಗೆ ಕೇಳಿಸಿತು. ಈ ಸಲ ಮಾವನೂ ತಲೆಯೆತ್ತಿದ.

ಗೋಡೆ ಮುಚ್ಚಿಕೊಡಿ ಎಂದು ಪಾದ್ರಿ ಕೇಳಿದಾಗ ಮಾವ ಜೀವಮಾನದಲ್ಲಿ ಮೊದಲ ಸಲ ಕೆಲಸ ಒಲ್ಲೆನೆಂದ. ಬೇರೆ ಯಾರನ್ನಾದರೂ ಕರೆಸಿ ಎಂದು ಹೇಳಿ, ಬಸ್ ನಿಲ್ದಾಣಕ್ಕೆ ಬಂದು ಮನೆಯಲ್ಲಿದ್ದ ಅತ್ತೆಗೆ ಫೋನ್ ಮಾಡಿದ. ಹೇಳಲು ಏನೂ ಇರಲಿಲ್ಲ. ಊಟ ಆಯ್ತಾ ಎಂದ, ಔಷಧಿ ತಗೊಂಡ್ಯಾ ಎಂದ. ಜ್ವರ ಬಂದಿದೆಯೇನು ನಿಮಗೆ ಎಂದು ಅತ್ತೆ ಗದರುವುದು ಅವಳಿಗೂ ಕೇಳಿಸುತ್ತಿತ್ತು. ಬಸ್ಸು ಬಂದರೂ ಮಾವ ಫೋನ್ ಇಡಲಿಲ್ಲ.