ಅರ್ಧ ಸರ್ಮಾ

ಇಫ್ತಾರಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ರಾಸಿಮನ ಬೇಕರಿಯ ಮುಂದೆ ಬಿಸಿ ಪಿದೆ ರೊಟ್ಟಿಗಾಗಿ ಇಡೀ ಮೊಹಲ್ಲಾ ಸಾಲುಗಟ್ಟಿತ್ತು. ಸಾಲಿನ ನಡುವೆ ನಿಂತು ಶೆವ್ಕೆತ್ ಬೇ ಭಾಷಣ ಬಿಗಿಯುತ್ತಿದ್ದರು. ಬೆಳಗಿನಿಂದ ತೊಟ್ಟು ನೀರು ಮುಟ್ಟದಿದ್ದರೂ ಅವರ ನಾಲಿಗೆಗೆ ಮಾತ್ರ ಉಪವಾಸವಿರಲಿಲ್ಲ. ಪುರಸಭೆಯಲ್ಲಿ ಮೂವತ್ತು ವರ್ಷ ಅಂಗಡಿ ಅಂಗಡಿಯ ರೊಟ್ಟಿ ತೂಗಿ ನಿವೃತ್ತರಾದ ಮನುಷ್ಯ. ಈಗ ತೂಗಲು ಊರಿನವರ ನಡತೆಯೊಂದೇ ಉಳಿದಿತ್ತು.

ಅಂದಿನ ವಿಷಯ ಗೋಡೆಯ ಕೊಕ್ಕೆಗಳು. ಉಳ್ಳವರು ಎರಡು ರೊಟ್ಟಿಗೆ ದುಡ್ಡು ಕೊಟ್ಟು, ಒಂದನ್ನು ಒಯ್ದು, ಇನ್ನೊಂದನ್ನು ಕೊಕ್ಕೆಗೆ ತೂಗುಹಾಕಿ ಹೋಗುತ್ತಾರೆ. ಇಲ್ಲದವರು ಬಂದು ತೆಗೆದುಕೊಳ್ಳುತ್ತಾರೆ. ಕೊಟ್ಟವರಾರು, ಒಯ್ದವರಾರು ಎಂದು ಯಾರೂ ಕೇಳುವುದಿಲ್ಲ. ಆದರೆ ಮೊಹಲ್ಲಾದ ಮುಖಂಡನ, ಅಂದರೆ ಮುಖ್ತಾರನ ಚುನಾವಣೆ ಹತ್ತಿರ ಬಂದದ್ದೇ ತಡ, ಹದಿನೈದು ವರ್ಷದಿಂದ ಆ ಕುರ್ಚಿ ಬಿಡದ ತುರ್ಹಾನ್ ಆ ರೊಟ್ಟಿಗಳಿಗೆಲ್ಲ ತನ್ನ ಫೋಟೋ ಇರುವ ಚೀಲ ತೊಡಿಸಿದ್ದ. ಅಂದಿನಿಂದ ಕೊಕ್ಕೆಯ ರೊಟ್ಟಿ ಯಾರೂ ಮುಟ್ಟದೆ ಒಣಗುತ್ತಿತ್ತು.

"ಬಡವ ರೊಟ್ಟಿ ತಗೊಂಡು ಹೋಗ್ಬೇಕೋ, ತುರ್ಹಾನನ ಮೀಸೆ ಹೊತ್ಕೊಂಡು ಹೋಗ್ಬೇಕೋ?" ಎಂದರು ಶೆವ್ಕೆತ್ ಬೇ. "ಬರೆದಿಟ್ಕೊಳ್ಳಿ. ಚುನಾವಣೆಗೆ ನಿಂತವರ ಒಂದು ತುತ್ತು ಹೊಟ್ಟೆಗೆ ಬಿತ್ತು ಅಂದ್ರೆ ವೋಟು ಮಾರ್ಕೊಂಡ ಹಾಗೇ. ಸಣ್ಣ ತುತ್ತು ದೊಡ್ಡ ತುತ್ತು ಅಂತಿಲ್ಲ."

"ಸರಿಯಾಗಿ ಹೇಳಿದ್ರಿ," ಎಂದು ಹಿಂದಿನಿಂದ ಹೆಣ್ಣುದನಿ ಬಂತು. ಅವರ ಎದುರು ಬಾಗಿಲಿನ ಬೆಹಿಯೆ ಹಾನಿಮ್, ಶಾಲೆಯಲ್ಲಿ ನರ್ಸಾಗಿದ್ದ ವಿಧವೆ. "ನೀವು ದಿನಾ ಹೀಗೆ ಹೇಳೋದು ಕೇಳಿ ಕೇಳಿಯೇ ನನಗೂ ಧೈರ್ಯ ಬಂತು. ಇವತ್ತು ಮುಖ್ತಾರ್ ಚುನಾವಣೆಗೆ ನಿಂತೆ."

ಎಲ್ಲರೂ ತಿರುಗಿದರು. ಆದರೆ ನೋಡಿದ್ದು ಬೆಹಿಯೆ ಹಾನಿಮ್ ಕಡೆಗಲ್ಲ, ಶೆವ್ಕೆತ್ ಬೇ ಕಡೆಗೆ. ಇಪ್ಪತ್ತಾರು ವರ್ಷಗಳಿಂದ ರಂಜಾನಿನ ಪ್ರತಿ ಸಂಜೆ ಆಕೆಯ ಮನೆಯಿಂದ ಒಂದು ತಟ್ಟೆ ಸರ್ಮಾ, ಅಂದರೆ ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಗಳು, ಇವರ ಮನೆಗೆ ಬರುತ್ತದೆಂದು ಯಾರಿಗೆ ಗೊತ್ತಿರಲಿಲ್ಲ? ತಟ್ಟೆ ಖಾಲಿ ಹಿಂತಿರುಗುವುದಿಲ್ಲವೆಂಬುದೂ ಗೊತ್ತಿತ್ತು.

"ಹಾಗಾದ್ರೆ ಸರ್ಮಾ ಗತಿ ಏನಣ್ಣ?" ಎಂದ ರಾಸಿಮ್, ನಗು ಕಾಣದಂತೆ ಒಲೆಯ ಕಡೆ ಮುಖ ತಿರುಗಿಸಿ.

ಆ ಸಂಜೆಯೂ ತಟ್ಟೆ ಬಂತು. ಶೆವ್ಕೆತ್ ಬೇ ಅದರ ಮುಂದೆ ಪೇಚಾಡಿದರು. ತಿಂದರೆ ನಾಳೆ ಸಾಲಿನಲ್ಲಿ ತಲೆ ಎತ್ತುವಂತಿಲ್ಲ. ಬಿಟ್ಟರೆ ರಂಜಾನೇ ಅಲ್ಲ. ಕೊನೆಗೆ ಸ್ಟೂಲು ಹತ್ತಿ ಬೀರುವಿನ ಮೇಲಿದ್ದ ಹಳೆಯ ತಕ್ಕಡಿ ಇಳಿಸಿದರು.

"ಬಂದಷ್ಟೇ ತೂಕ ವಾಪಸ್ ಹೋದ್ರೆ ಅದು ಲಂಚ ಅಲ್ಲ ನೆಜಿಹೆ. ಅದು ವಿನಿಮಯ."

"ಉಪವಾಸ ನಿಮ್ಮ ತಲೆಗೇರಿದೆ," ಎಂದರು ಹೆಂಡತಿ. ಆದರೂ ಸರ್ಮಾದಷ್ಟೇ ತೂಕದ ಬೋರೆಕ್ ಎಂಬ ಪದರ ಪದರದ ಕಡುಬು ಕತ್ತರಿಸಿ ಕೊಟ್ಟರು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಬೋರೆಕ್ ಸಾಲದೆ ತಕ್ಕಡಿ ಸರ್ಮಾದ ಕಡೆ ಚೂರು ತಗ್ಗಿತು. ಶೆವ್ಕೆತ್ ಬೇ ತಲೆ ಕೆರೆದುಕೊಂಡರು. ಆಮೇಲೆ ಬಂದ ಸರ್ಮಾಗಳಲ್ಲೇ ಒಂದನ್ನು ಚಾಕುವಿನಿಂದ ಎರಡು ಭಾಗ ಮಾಡಿ, ಅರ್ಧವನ್ನು ಬೋರೆಕ್ ಪಕ್ಕ ಇಟ್ಟು, ತಕ್ಕಡಿ ಸಮವಾಯಿತೆಂದು ಖುಷಿಯಿಂದ ತಾವೇ ಒಯ್ದರು.

ಬೆಹಿಯೆ ಹಾನಿಮ್ ತಟ್ಟೆ ನೋಡಿದರು. "ಇದೇನು?"

"ಹೆಚ್ಚಾಗಿತ್ತು. ತೂಕದಲ್ಲಿ."

"ನೆಜಿಹೆ ಆಸ್ಪತ್ರೆಲಿದ್ದ ನಲವತ್ತು ದಿನ ನಿಮಗೆ ಸೂಪು ತಂದ್ಕೊಟ್ನಲ್ಲ, ಅದನ್ನೂ ತೂಗಿದ್ರಾ?"

ಬಾಗಿಲು ಮುಚ್ಚಿತು, ಅದೂ ಮೆಲ್ಲಗೆ. ಧಡಾರನೆ ಮುಚ್ಚಿದ್ದರೆ ಎಷ್ಟೋ ವಾಸಿ ಇತ್ತು.

ಮರುದಿನ ತಟ್ಟೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ತಟ್ಟೆ ನಿಂತ ಸುದ್ದಿ ಕೇಳಿ ಬೇಕರಿಯಲ್ಲಿ ರಾಸಿಮ್ ಶಹಬ್ಬಾಸ್ ಎಂದ. ಶೆವ್ಕೆತ್ ಬೇ ಅವರಿಗೆ ಅದು ಬೈದ ಹಾಗೆ ಕೇಳಿಸಿತು. ಇಫ್ತಾರಿನ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಅವರ ಚಮಚ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಬಂದವನು ಗ್ಯಾಸಿನವನು. ನೆಜಿಹೆ ಸೂಪು ಬಡಿಸಿ, "ತೂಕ ಸರಿ ಇದೆಯಾ ನೋಡ್ಕೊಳ್ಳಿ," ಎಂದು ಒಳಗೆ ಹೋದರು. ಶೆವ್ಕೆತ್ ಬೇ ಅವರಿಗೆ ನಾಚಿಕೆಯಾಯಿತು. ಸರ್ಮಾ ಹೋದದ್ದಕ್ಕಿಂತ, ಇಪ್ಪತ್ತಾರು ವರ್ಷದ ನೆರೆಹೊರೆಯ ನಂಟನ್ನು ತಕ್ಕಡಿಗೆ ಹಾಕಿದ್ದು ಚುಚ್ಚಿತು. ತಕ್ಕಡಿಯನ್ನು ಮತ್ತೆ ಬೀರುವಿನ ಮೇಲಿಟ್ಟರು.

ಚುನಾವಣೆಯ ದಿನ ಶೆವ್ಕೆತ್ ಬೇ ಮತದಾನದ ಲಕೋಟೆಯೊಳಗೆ ಬೆಹಿಯೆ ಹಾನಿಮ್ ಹೆಸರಿನ ಚೀಟಿ ಹಾಕಿದರು. ಯಾರಿಗೂ ಹೇಳಲಿಲ್ಲ. ಸಂಜೆ ಆಕೆ ಭರ್ಜರಿಯಾಗಿ ಗೆದ್ದರು. ಮೊಹಲ್ಲಾಕ್ಕೆ ಮೊಹಲ್ಲಾವೇ ಎದುರು ಬಾಗಿಲಿಗೆ ಬಂದು ಅಭಿನಂದಿಸಿತು. ಶೆವ್ಕೆತ್ ಬೇ ಒಬ್ಬರೇ ತಮ್ಮ ಬಾಗಿಲಿನ ಕಿಂಡಿಗೆ ಕಣ್ಣು ಹಚ್ಚಿ ನಿಂತಿದ್ದರು.

ಮರುದಿನ ಹೊಸ ಮುಖ್ತಾರರು ಮೊದಲು ಬೇಕರಿಗೆ ಹೋಗಿ ತುರ್ಹಾನನ ಚೀಲಗಳನ್ನು ಕಿತ್ತು ಹಾಕಿಸಿದರಂತೆ. ಸಂಜೆಯೊಳಗೆ ಕೊಕ್ಕೆಗಳು ಖಾಲಿಯಾದವಂತೆ. ಸುದ್ದಿ ಕೇಳಿ ಶೆವ್ಕೆತ್ ಬೇ ಮದುವೆಯಾದ ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅಡುಗೆಮನೆಗೆ ನುಗ್ಗಿ, ಹೆಂಡತಿಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡರು. ಇಫ್ತಾರ್ ಮುಗಿದ ಕೂಡಲೇ ಬಟ್ಟಲು ಹಿಡಿದು ಎದುರು ಮನೆಯ ಗಂಟೆ ಒತ್ತಿದರು. ತಕ್ಕಡಿ ಬೀರುವಿನ ಮೇಲೆಯೇ ಇತ್ತು.

"ಏನಿದು?" ಎಂದರು ಬೆಹಿಯೆ ಹಾನಿಮ್.

"ಸೂಪು. ಆ ನಲವತ್ತು ದಿನದ್ದರಲ್ಲಿ ಮೊದಲನೇ ದಿನದ್ದು."

ಆಕೆ ಒಳಗಿಂದ ಚಮಚ ತಂದು, ಬಾಗಿಲಲ್ಲೇ ನಿಂತು ಒಂದು ಗುಟುಕು ಕುಡಿದರು. ಮುಖ ಕಿವುಚಿಕೊಂಡಿತು. ಬೇಳೆ ತಳ ಹಿಡಿದಿತ್ತು, ಉಪ್ಪು ಎರಡು ಸಲ ಬಿದ್ದಿತ್ತು.

"ಎಷ್ಟು ತೂಕ?"

"ತೂಗಿಲ್ಲ."

"ಶೆವ್ಕೆತ್ ಬೇ, ಇದನ್ನ ಕುಡಿದವರು ಇದು ಲಂಚ ಅಂತ ಯಾವ ಕೋರ್ಟಲ್ಲೂ ಹೇಳೋಕಾಗಲ್ಲ."

"ಇನ್ನೂ ಮೂವತ್ತೊಂಬತ್ತು ದಿನ ಇದೆ ಬೆಹಿಯೆ, ಗಟ್ಟಿ ಮನಸ್ಸು ಮಾಡ್ಕೋ," ಎಂದರು ಬೆನ್ನ ಹಿಂದಿನಿಂದ ನೆಜಿಹೆ.

ಮರುಸಂಜೆ ತಟ್ಟೆ ಬಂತು, ಮೊದಲಿಗಿಂತ ತುಂಬಿ. ರಾಶಿಯ ನೆತ್ತಿಯ ಮೇಲೆ, ಚಾಕುವಿನಿಂದ ಚೊಕ್ಕವಾಗಿ ಕತ್ತರಿಸಿದ ಅರ್ಧ ಸರ್ಮಾ.

ಶೆವ್ಕೆತ್ ಬೇ ಮೊದಲು ಅದನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು.

"ಸಾಕಾಯ್ತಾ?" ಎಂದರು ನೆಜಿಹೆ.

ಅವರು ಹೂಂ ಎಂಬಂತೆ ತಲೆಯಾಡಿಸಿದರು. ಅಷ್ಟು ಚಿಕ್ಕ ತುತ್ತಿಗೆ ಬಾಯಿ ಪೂರ್ತಿ ತುಂಬಿಹೋಗಿತ್ತು.