ನಾಲಿಗೆಯ ಸಾಕ್ಷಿ

ಆಂಚಿಕಯಾ ನದಿಯ ಮೇಲ್ದಂಡೆಯ ಊರುಗಳಲ್ಲಿ ಬೂಟಿಗೆ ಕೆಸರು ಮೆತ್ತಿರದ ಯಾರನ್ನು ಕಂಡರೂ ಡಾಕ್ಟರೇ ಎಂದು ಕರೆಯುವುದು ರೂಢಿ. ವಕೀಲನೂ ಡಾಕ್ಟರೇ, ರಸ್ತೆ ಅಳೆಯಲು ಬಂದವನೂ ಡಾಕ್ಟರೇ, ಜೀವವಿಮೆ ಮಾರುವವನೂ ಡಾಕ್ಟರೇ. ಹಾಗಾಗಿ ಕಪ್ಪೆಮನೆಯ ಯಜಮಾನಿಕೆಗೆಂದು ಪಟ್ಟಣದಿಂದ ಬಂದಿಳಿದ ಲಿಸಾರಾಲ್ದೆಯನ್ನೂ ನೆಲ್ಸಿರಾ ಡಾಕ್ಟರೇ ಎಂದೇ ಕರೆಯುತ್ತಿದ್ದಳು. ಅದರಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಬಿಡಿಸಿ ನೋಡುವ ಬುದ್ಧಿ ಆ ಮನುಷ್ಯನಿಗೆ ಇರಲಿಲ್ಲ. ಕರೆದಾಗಲೆಲ್ಲ ಅವನ ಎದೆ ಇನ್ನೊಂದಿಷ್ಟು ಉಬ್ಬುತ್ತಿತ್ತು.

ಕಪ್ಪೆಮನೆ ಎಂದರೆ ಗುಡ್ಡದ ಓರೆಯಲ್ಲಿ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ, ಅದರ ತುಂಬ ಗಾಜಿನ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯಲ್ಲೂ ಪಾಚಿ, ಒಣಗಿದ ಎಲೆ, ಎಲೆಬುಡದಲ್ಲಿ ನೀರು ನಿಲ್ಲುವ ಅನಾನಸಿನ ಜಾತಿಯ ಗಿಡ, ಮತ್ತು ಹೆಬ್ಬೆರಳಿನಷ್ಟು ದಪ್ಪದ, ಕಪ್ಪು ಮೈಗೆ ಕೆಂಪು ಪಟ್ಟೆಯ ವಿಷದ ಕಪ್ಪೆಗಳು. ನೆಲ್ಸಿರಾ ಹನ್ನೊಂದು ವರ್ಷಗಳಿಂದ ಅವುಗಳನ್ನು ಸಾಕುತ್ತಿದ್ದಳು. ಕೊಳೆತ ಬಾಳೆಹಣ್ಣಿನ ಬಾಟಲಿಗಳಲ್ಲಿ ನೊಣ ಬೆಳೆಸುವುದು, ದಿನಕ್ಕೆ ಮೂರು ಸಲ ಮಂಜಿನಂತೆ ನೀರು ಚಿಮುಕಿಸುವುದು, ಬಿಸಿಲು ಏರಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ಎಲ್ಲ ಅವಳದೇ. ಅವಳಪ್ಪ ಇದೇ ಕಪ್ಪೆಗಳನ್ನು ಹಿಡಿದು ಕಳ್ಳಸಾಗಣೆಯವರಿಗೆ ಮಾರಿ ಮಕ್ಕಳನ್ನು ಬೆಳೆಸಿದವನು. ಆ ನಾಚಿಕೆಯೂ ಅವನು ಕಲಿಸಿದ ವಿದ್ಯೆಯೂ ಅವಳಲ್ಲಿ ಒಟ್ಟಿಗೇ ಉಳಿದಿದ್ದವು.

ಅಪ್ಪನಿಗೆ ಕಪ್ಪೆಗಳಲ್ಲಿ ಎರಡೇ ಜಾತಿ. ಒಂದು ಕಹಿ, ಇನ್ನೊಂದು ಸಪ್ಪೆ. ಕಾಡಿನಲ್ಲಿ ಇರುವೆ, ನುಸಿ ತಿಂದು ಬೆಳೆದದ್ದು ಕಹಿ. ಅದರ ಬೆನ್ನು ಮುಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸಿದರೆ ಉರಿಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಹುಟ್ಟಿ ನೊಣ ತಿಂದು ಬೆಳೆದದ್ದು ಸಪ್ಪೆ. ಬಣ್ಣ ಅದೇ, ಠೀವಿ ಅದೇ, ಒಳಗೆ ಮಾತ್ರ ಏನೂ ಇಲ್ಲ. ಲಿಸಾರಾಲ್ದೆಯನ್ನು ನೋಡಿದ ಮೊದಲ ದಿನವೇ ನೆಲ್ಸಿರಾ ಅವನನ್ನು ಎರಡನೆಯ ಪಟ್ಟಿಗೆ ಸೇರಿಸಿಬಿಟ್ಟಿದ್ದಳು.

ಅವನ ಬಾಯಲ್ಲಿ ಸದಾ ಕುಣಿಯುತ್ತಿದ್ದದ್ದು ಕಪ್ಪೆಯ ಲ್ಯಾಟಿನ್ ಹೆಸರು. "ಊಫಾಗಾ," ಎಂದು ತುಟಿ ಮುಂದೆ ಮಾಡಿ, ಕಣ್ಣು ಅರೆಮುಚ್ಚಿ, ಪಾಯಸ ಸವಿದವನಂತೆ ಹೇಳುತ್ತಿದ್ದ. "ಅಂದ್ರೆ ಏನು ಗೊತ್ತಾ ನೆಲ್ಸಿರಾ ಅಮ್ಮಾ? ಮೊಟ್ಟೆ ತಿನ್ನೋದು ಅಂತ."

"ಅಷ್ಟೇನಾ ಡಾಕ್ಟರೇ? ನಾನೇನೋ ಇನ್ನೂ ದೊಡ್ಡದು ಅಂದ್ಕೊಂಡಿದ್ದೆ," ಎನ್ನುತ್ತಿದ್ದಳು ಅವಳು.

ಹೆಸರಿನ ಅರ್ಥ ಗೊತ್ತಿದ್ದವನಿಗೆ ಅದರ ಒಳಗುಟ್ಟು ತಿಳಿದಿರಲಿಲ್ಲ. ಈ ಕಪ್ಪೆಯ ತಾಯಿ ತನ್ನ ಮರಿಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಗಿಡದ ಎಲೆಬುಡದ ನೀರಿಗೆ ಬಿಡುತ್ತದೆ. ಮತ್ತೆ ಕೆಲವು ದಿನಕ್ಕೊಮ್ಮೆ ಅಲ್ಲಿಗೇ ಬಂದು, ಮರಿ ತಿನ್ನಲೆಂದೇ ಒಂದು ಬರಡು ಮೊಟ್ಟೆ ಇಟ್ಟು ಹೋಗುತ್ತದೆ. ತಾಯಿ ಬಂದಾಗ ಮರಿ ಬಾಲ ನಡುಗಿಸಿ ಹಸಿವು ಹೇಳಿಕೊಳ್ಳುತ್ತದೆ. ಈ ಮರಿಗಳಿಗೆ ಬೇರೆ ಯಾರ ಕೈತುತ್ತೂ ಆಗದು. ಲಿಸಾರಾಲ್ದೆಗೆ ಇದು ಬರೀ ಸಮಯ ಹಾಳು ಎನಿಸಿತು. ಮೂವತ್ತೊಂದು ಮರಿಗಳನ್ನು ತಾಯಂದಿರಿಂದ ಕಿತ್ತು ಪ್ಲಾಸ್ಟಿಕ್ ಲೋಟಗಳಿಗೆ ಹಾಕಿ, ಕೋಳಿಮೊಟ್ಟೆಯ ಬೇಯಿಸಿದ ಹಳದಿಯನ್ನು ಹನಿಹನಿಯಾಗಿ ತಿನ್ನಿಸಿದ.

"ಡಾಕ್ಟರೇ, ಇವಕ್ಕೆ ಅದು ಒಗ್ಗಲ್ಲ," ಎಂದಳು ನೆಲ್ಸಿರಾ.

"ಮೊಟ್ಟೆ ಅಂದ್ರೆ ಮೊಟ್ಟೆ. ವಿಜ್ಞಾನ ಅಮ್ಮಾ ಇದು, ಅಜ್ಜಿಕಥೆ ಅಲ್ಲ."

ಹದಿನೈದು ದಿನಕ್ಕೆ ಲೋಟಗಳು ನಾರತೊಡಗಿದವು. ಮೂವತ್ತೊಂದೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ವರದಿಯಲ್ಲಿ ಅವನು 'ಹವಾಮಾನ ವೈಪರೀತ್ಯ' ಎಂದು ಬರೆದ. ನೆಲ್ಸಿರಾ ಅವನ ಕಣ್ಣು ತಪ್ಪಿಸಿ ಮೂಲೆಯ ಪೆಟ್ಟಿಗೆಯಲ್ಲಿ ತಾಯಿಯ ಜೊತೆಯೇ ಉಳಿಸಿಕೊಂಡಿದ್ದ ಮೂರು ಮರಿಗಳು ಮಾತ್ರ ಕಾಲು ಮೂಡಿಸಿಕೊಂಡು ಮೇಲೆ ಬಂದವು. ಅವುಗಳ ಹುಟ್ಟನ್ನೂ ಅವನು ತನ್ನ ಹೆಸರಿಗೇ ಬರೆದುಕೊಂಡ. ಪೆಟ್ಟಿಗೆಯಲ್ಲಿ ಹುಟ್ಟಿದ ಕಪ್ಪೆಗೆ ವಿಷವಿಲ್ಲ ಎಂದು ಎಲ್ಲೋ ಓದಿಕೊಂಡು, ಬಂದವರೆದುರು ಅವನ್ನು ಬರಿಗೈಯಲ್ಲಿ ಎತ್ತಿ ಫೋಟೋ ತೆಗೆಸಿಕೊಂಡ. ಹುಲಿಯ ಜೊತೆ ಮಲ್ಲಯುದ್ಧ ಮಾಡಿದವನ ಗತ್ತು.

ಆ ವರ್ಷ ಕಪ್ಪೆಮನೆಗೆ ದೊಡ್ಡ ಪರೀಕ್ಷೆ ಬಂತು. ಹೊಸದಾಗಿ ಇಲ್ಲೇ ಹುಟ್ಟಿದ ಇಪ್ಪತ್ತು ಕಪ್ಪೆ ತೋರಿಸಿದರೆ ಹೊರದೇಶಕ್ಕೆ ಕಳುಹಿಸುವ ಪರವಾನಗಿ ಸಿಗುತ್ತದೆ, ಗುರುವಾರ ಅಧಿಕಾರಿ ಬಂದು ಎಣಿಸುತ್ತಾರೆ ಎಂದು ಪತ್ರ ಬಂತು. ಮೂರನ್ನು ಹೇಗೆ ಎಣಿಸಿದರೂ ಇಪ್ಪತ್ತಾಗುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನೆಲ್ಸಿರಾ ಬಾಗಿಲು ತೆಗೆದಾಗ ಮಧ್ಯದ ಸಾಲಿನ ಪೆಟ್ಟಿಗೆಗಳಲ್ಲಿ ಹೊಸದಾಗಿ ಇಪ್ಪತ್ತು ಕಪ್ಪೆಗಳು ಕೂತಿದ್ದವು. ಎಲ್ಲವೂ ಬಲಿತವು.

"ಹಿಂದಿನ ಕೋಣೇಲಿ ಗುಟ್ಟಾಗಿ ಬೆಳೆಸಿದ್ದೆ," ಎಂದ ಲಿಸಾರಾಲ್ದೆ. "ನನ್ನ ವಿಧಾನ ಕೊನೆಗೂ ಫಲ ಕೊಡ್ತು, ನೋಡಿ. ಇಲ್ಲೊಂದು ಸಹಿ ಹಾಕಿ. ಸಾಕಿದವರ ಸಾಕ್ಷಿ ಬೇಕಂತೆ."

ಅವನ ಕೈಯಲ್ಲಿ ರಬ್ಬರಿನ ಗವಸು ಇತ್ತು. ಫೋಟೋಗೆ ಬರಿಗೈ, ಸೋಮವಾರಕ್ಕೆ ಗವಸು. ನೆಲ್ಸಿರಾ ಆ ಗವಸನ್ನೇ ನೋಡುತ್ತ, "ಕನ್ನಡಕ ಮನೇಲಿದೆ ಡಾಕ್ಟರೇ, ಆಮೇಲೆ ಹಾಕ್ತೀನಿ," ಎಂದಳು. ಜನ್ಮದಲ್ಲಿ ಅವಳು ಕನ್ನಡಕ ಹಾಕಿದವಳಲ್ಲ.

ಅವನು ಆಚೆ ಹೋದ ಕೂಡಲೇ ಒಂದರ ಬೆನ್ನಿಗೆ ಬೆರಳು ತಾಗಿಸಿ, ತುದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಉರಿ ಚುರ್ರೆಂದು ಹತ್ತಿತು, ನಾಲಿಗೆ ಮರಗಟ್ಟಿತು. ಕಹಿ, ಅಪ್ಪಟ ಕಹಿ. ಉಗಿದು ಬಾಯಿ ಮುಕ್ಕಳಿಸಿದವಳು ಕಪ್ಪೆಯನ್ನು ಬೆಳಕಿಗೆ ಹಿಡಿದಳು. ಪಟ್ಟೆ ಕೆಂಪಲ್ಲ, ಕಿತ್ತಳೆಗೆ ತಿರುಗಿದ್ದು. ನಡುವಿನ ಪಟ್ಟೆ ಹೊಟ್ಟೆಯ ಹತ್ತಿರ ಒಡೆದಿತ್ತು. ಈ ಸೀಮೆಯಲ್ಲಿ ಹಳ್ಳಕ್ಕೊಂದು ಬಣ್ಣ. ಒಡೆದ ಕಿತ್ತಳೆ ಪಟ್ಟೆ ಇರುವುದು ಸಾಹಿನೋ ಹಳ್ಳದಲ್ಲಿ ಮಾತ್ರ. ಆ ಹಳ್ಳದ ದಾರಿ ಅಪ್ಪ ತೋರಿಸಿದ್ದು ಇಬ್ಬರಿಗೇ, ಅವಳಿಗೆ ಮತ್ತು ಅವಳ ತಮ್ಮ ಅಬುಂದಿಯೋಗೆ. ಸಾಯುವ ಮುಂಚೆ, ಅಲ್ಲಿಂದ ಇನ್ನೊಂದನ್ನೂ ತೆಗೆಯಬೇಡಿ ಎಂದು ಇಬ್ಬರ ಕೈಯಿಂದಲೂ ಆಣೆ ಇಡಿಸಿಕೊಂಡಿದ್ದ.

ಅಬುಂದಿಯೋ ಮನೆಯಲ್ಲಿದ್ದಾನೆಯೇ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಭಾನುವಾರದಿಂದ ಅಲ್ಲಿ ಆಳೆತ್ತರದ ಹೊಸ ಸ್ಪೀಕರು ಊರಿಗೆ ಊರೇ ಅದುರುವಂತೆ ಅರಚುತ್ತಿತ್ತು. ಅರ್ಧ ದಿನ ಕರೆಂಟಿಲ್ಲದ ಮನೆಗೆ ಅಂಥದ್ದೊಂದು ಸ್ಪೀಕರು.

"ಬಾ ಅಕ್ಕಾ, ವಿಚೆ ಕುಡೀತೀಯಾ?" ಎಂದು ಕಬ್ಬಿನ ಸಾರಾಯಿಯ ಬಾಟಲಿ ಎತ್ತಿದ.

"ಸಾಹಿನೋಗೆ ಹೋಗಿದ್ಯಾ?"

"ಇಪ್ಪತ್ತೇ ಅಕ್ಕಾ. ಡಾಕ್ಟರು ಬಂದು ಕೇಳಿದ್ರು, ಪಾಪ ಮರ್ಯಾದೆ ಪ್ರಶ್ನೆ ಅಂದ್ರು. ಒಂದು ಸಲ ಕಾಗದ ಆಗಿಬಿಟ್ರೆ ಆಮೇಲೆ ಎಲ್ಲ ಕಾನೂನುಬದ್ಧ ಅಂತೆ. ತಿಂಗಳು ತಿಂಗಳು ತಂದುಕೊಡು ಅಂದಿದ್ದಾರೆ."

ನೆಲ್ಸಿರಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಕಾಗದಕ್ಕೆ ತನ್ನ ಸಹಿ ಬಿದ್ದರೆ ಇನ್ನೆರಡು ವರ್ಷದಲ್ಲಿ ಸಾಹಿನೋ ಹಳ್ಳದಲ್ಲಿ ಒಂದು ಕಪ್ಪೆಯ ಕೂಗೂ ಉಳಿಯುವುದಿಲ್ಲ. ಕಾಡಿನಿಂದ ಕದ್ದದ್ದೆಲ್ಲ ಪೆಟ್ಟಿಗೆಯಲ್ಲಿ ಹುಟ್ಟಿದ್ದೆಂದು ವಿಮಾನ ಹತ್ತುತ್ತದೆ. "ಅಪ್ಪ ಹೊಟ್ಟೆಗಿಲ್ಲದೆ ಕದ್ದ ಕಣೋ," ಎಂದಳು. "ನೀನು ಈ ಡಬ್ಬಕ್ಕೋಸ್ಕರ ಕದ್ದೆ. ಥೂ ನಿನ್ನ!"

ಗುರುವಾರ ಅಧಿಕಾರಿ ಬಂದಳು. ಬೆದೋಯಾ ಎಂದು ಹೆಸರು. ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡು ಬಂದ ಗಟ್ಟಿಮುಟ್ಟಾದ ಹೆಂಗಸು. ಲಿಸಾರಾಲ್ದೆ ಅವಳ ಹಿಂದೆ ಮುಂದೆ ಸುಳಿಯುತ್ತ, ಊಫಾಗಾ ಹೀಗೆ, ಊಫಾಗಾ ಹಾಗೆ ಎಂದು ಒಂದು ಗಂಟೆ ಕೊರೆದ. ಕೊನೆಗೆ ಕಾಗದ ಮೇಜಿನ ಮೇಲೆ ಬಂತು.

"ಸಹಿ ಹಾಕ್ತೀನಿ," ಎಂದಳು ನೆಲ್ಸಿರಾ. "ಅದಕ್ಕೆ ಮುಂಚೆ ನಮ್ಮೂರಿನ ಒಂದು ಪರೀಕ್ಷೆ ಇದೆ. ಇಲ್ಲಿ ಹುಟ್ಟಿದ್ದು ಸಪ್ಪೆ ಇರುತ್ತೆ. ನೋಡಿ ಅಮ್ಮಾ." ಮೂಲೆಯ ಪೆಟ್ಟಿಗೆಯಿಂದ ತನ್ನ ಮೂರರಲ್ಲಿ ಒಂದನ್ನು ಎತ್ತಿ, ಬೆನ್ನು ಸವರಿದ ಬೆರಳನ್ನು ಚಪ್ಪರಿಸಿದಳು. "ಏನೂ ಇಲ್ಲ. ನೀರು. ಈಗ ಡಾಕ್ಟರು ತಾವು ಬೆಳೆಸಿದ ಮಕ್ಕಳದ್ದು ನೋಡ್ಲಿ."

"ಇದೆಲ್ಲ ಅನಾಗರಿಕ ಪದ್ಧತಿ," ಎಂದ ಲಿಸಾರಾಲ್ದೆ.

"ಯಾಕೆ ಡಾಕ್ಟರೇ? ಫೋಟೋದಲ್ಲಿ ಮುದ್ದು ಕೊಡೋ ಹಾಗೆ ಹಿಡ್ಕೊಂಡಿದ್ರಿ. ಇಲ್ಲೇ ಹುಟ್ಟಿದ್ದಲ್ವಾ?"

ಬೆದೋಯಾ ಪೆನ್ನು ಕೆಳಗಿಟ್ಟಳು. "ಹೌದಲ್ಲ ಡಾಕ್ಟರ್, ಇಲ್ಲೇ ಹುಟ್ಟಿದ್ದಾದ್ರೆ ಹೆದರಿಕೆ ಏನು?"

ಜಂಬದವನಿಗೆ ಹೆಂಗಸರಿಬ್ಬರ ಎದುರು ಹಿಂದೆ ಸರಿಯುವುದು ಸಾವಿಗಿಂತ ಕಷ್ಟ. ಗವಸು ಕಳಚಿ, ಹೊಸ ಕಪ್ಪೆಗಳಲ್ಲಿ ಒಂದರ ಬೆನ್ನು ಸವರಿದ. ನಾಲಿಗೆಗೆ ತಾಗಿದರೆ ಏನಾದೀತು ಎಂದುಕೊಂಡನೋ ಏನೋ, ಬೆರಳನ್ನು ಧಾರಾಳವಾಗಿಯೇ ಬಾಯಿಗಿಟ್ಟ. ಒಂದು ಕ್ಷಣ ನಕ್ಕ. ಆಮೇಲೆ ಕಣ್ಣಲ್ಲಿ ನೀರೂರಿತು, ಕಿವಿ ಕೆಂಪಾಯಿತು.

"ಹೇಗಿದೆ ಡಾಕ್ಟರ್?" ಎಂದಳು ಬೆದೋಯಾ.

"ಏವೂ ಇವ್ವ," ಎಂದ ಅವನು.

"ಕಪ್ಪೆ ಹೆಸರೇನಂದ್ರಿ? ಬರ್ಕೋಬೇಕು."

"ಊವಾವಾ."

"ಏನು?"

"ಊ... ವಾ... ವಾ," ಎಂದ ಲಿಸಾರಾಲ್ದೆ. ತುಟಿಯ ಅಂಚಿನಿಂದ ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿತ್ತು, ಅದು ಅವನಿಗೆ ತಿಳಿಯಲೂ ಇಲ್ಲ. ನೆಲ್ಸಿರಾ ನೀರಿನ ಚೆಂಬು ಮುಂದಿಟ್ಟಳು. ನಗು ತಡೆಯಲು ಅವಳು ಪ್ರಯತ್ನಿಸಲಿಲ್ಲ.

ಬೆದೋಯಾ ಕಾಗದ ಹರಿದು ಹಾಕಿದಳು. "ಹಿಡಿದವರು ಯಾರು?"

ನೆಲ್ಸಿರಾಳ ನಗು ನಿಂತಿತು. ಆದರೂ ಹೇಳಿದಳು: "ನನ್ನ ತಮ್ಮ. ಅಬುಂದಿಯೋ ರಿಯಾಸ್ಕೋಸ್. ಸ್ಪೀಕರ್ ಸದ್ದು ಹಿಡ್ಕೊಂಡು ಹೋಗಿ, ಸಿಗ್ತಾನೆ. ಈ ಕಪ್ಪೆಗಳನ್ನ ನಾಳೆ ಬೆಳಿಗ್ಗೇನೇ ನಾನು ಹಳ್ಳಕ್ಕೆ ಬಿಟ್ಟು ಬರ್ತೀನಿ."

"ಬಿಡೋ ಹಾಗಿಲ್ಲ ಅಮ್ಮಾ," ಎಂದಳು ಬೆದೋಯಾ, ದನಿ ತಗ್ಗಿಸಿ. "ನಾಲ್ಕು ದಿನ ಇಲ್ಲಿನ ನೀರಲ್ಲಿ, ಇಲ್ಲಿನ ಕಪ್ಪೆಗಳ ಪಕ್ಕ ಇದ್ವು. ಇಲ್ಲಿಂದ ರೋಗ ಹೊತ್ಕೊಂಡು ಹೋದ್ರೆ ಹಳ್ಳದಲ್ಲಿರೋವೂ ಸತ್ತುಹೋಗ್ತವೆ. ಇನ್ಮೇಲೆ ಇವು ನಿಮ್ಮ ಹತ್ರಾನೇ."

ನೆಲ್ಸಿರಾ ಪೆಟ್ಟಿಗೆಗಳ ಕಡೆ ನೋಡಿದಳು. ಹಳ್ಳ ಉಳಿದಿತ್ತು. ಈ ಇಪ್ಪತ್ತಕ್ಕೆ ಮಾತ್ರ ಮನೆ ಹೋಗಿತ್ತು. ಇನ್ನು ಅವಳ ನೊಣ ತಿನ್ನುತ್ತ ತಿನ್ನುತ್ತ, ಇವತ್ತಲ್ಲ ನಾಳೆ, ಅವೂ ಸಪ್ಪೆಯಾಗುತ್ತವೆ. ಅವಳು ಎಲ್ಲರೆದುರೇ ಅತ್ತಳು.

ಲಿಸಾರಾಲ್ದೆ ಅದೇ ವಾರ ಗಂಟುಮೂಟೆ ಕಟ್ಟಿದ. ಅಬುಂದಿಯೋನ ಸ್ಪೀಕರು ಸರಕಾರದ ದಂಡ ಕಟ್ಟುವುದಕ್ಕೆ ಹೋಯಿತು. ಉಳಿದ ದಂಡವನ್ನು ನೆಲ್ಸಿರಾ ತಾನೇ ಅವನಿಗೆ ವಿಧಿಸಿದಳು. ಪ್ರತಿ ಶನಿವಾರ ಅವನು ಸಾಹಿನೋ ಹಳ್ಳಕ್ಕೆ ಹತ್ತಿ ಹೋಗಿ, ಇರುವೆ, ನುಸಿ ಸಮೇತ ಒಂದು ಚೀಲ ಕೊಳೆತ ಎಲೆ ಹೊತ್ತು ತರಬೇಕು. ತಂದಾಗ ಅವಳು ಕೂರು ಎನ್ನುತ್ತಿರಲಿಲ್ಲ, ಕಾಫಿ ಕೊಡುತ್ತಿರಲಿಲ್ಲ.

ಹತ್ತು ತಿಂಗಳಾದ ಮೇಲೆ ಒಂದು ಶನಿವಾರ ಅವನು ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ಅಕ್ಕಾ, ಕಹಿ ಇನ್ನೂ ಇದೆಯಾ ಅವಕ್ಕೆ?"

ನೆಲ್ಸಿರಾ ಒಂದರ ಬೆನ್ನು ಮುಟ್ಟಿ, ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು.

"ಕಹಿ ಇದೆ," ಎಂದಳು. "ಮನೆ ಕಳ್ಕೊಂಡ್ರೂ ಇವು ಇನ್ನೂ ಸಾಹಿನೋದವೇ. ಈ ಕಾಡಲ್ಲೇ ಹುಟ್ಟಿ, ಇಲ್ಲೇ ಬೆಳೆದು ಸಪ್ಪೆಯಾದೋನು ನೀನೊಬ್ಬನೇ."

ಅವನು ಚೀಲ ಕೆಳಗಿಳಿಸಿದ. ಅವಳು ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿ ನೋಡಿದಳು. "ಇರುವೆ ಕಡಿಮೆ ಇದೆ. ಬರೋ ವಾರ ಇನ್ನೂ ಮೇಲಕ್ಕೆ ಹೋಗಿ ತಗೊಂಡು ಬಾ."