ದನಿಗೆ ಕೊಟ್ಟ ಅಂಕ

ಕಲ್ಯಾಣಪುರದ ಪ್ಯಾಟ್ರಿಕ್ ಲೂಯಿಸರ ಮನೆಯ ಫೋನು ಬಹಳ ಕಾಲ ಅವರೊಬ್ಬರದಾಗಿರಲಿಲ್ಲ. ಆ ಆಸುಪಾಸಿಗೆ ಮೊದಲು ಬಂದ ಫೋನು ಅದು. ನೆರೆಹೊರೆಯವರು ತಮ್ಮ ವಿಳಾಸದ ಕೆಳಗೆ ಅದೇ ನಂಬರನ್ನು ಬರೆದು ಪಕ್ಕದಲ್ಲಿ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಫೋನು ನಮ್ಮದಲ್ಲ, ನೆರೆಮನೆಯದು, ಕರೆ ಮಾಡಿದರೆ ನಮಗೆ ತಿಳಿಸುತ್ತಾರೆ ಎಂಬುದು ಆ ಎರಡು ಅಕ್ಷರಗಳ ತಾತ್ಪರ್ಯ.

ಪ್ಯಾಟ್ರಿಕ್ ತಿಳಿಸುತ್ತಿದ್ದರು. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರಿಗೆ ಉದ್ದ ಮಾತು ಆಗುತ್ತಿರಲಿಲ್ಲ. ರಿಸೀವರ್ ಎತ್ತಿದೊಡನೆ “ವಿಷಯ ಹೇಳಿ” ಎನ್ನುತ್ತಿದ್ದರು. ಕರೆದವನು ಮಳೆ, ಸೆಕೆ, ಕನಸು, ನೆನಪು ಎಂದು ಏನೇನೋ ಹೇಳಿದರೂ ಅದರೊಳಗಿನ ವಿಷಯವನ್ನಷ್ಟೇ ಹೆಕ್ಕಿಕೊಂಡು ಸಂಬಂಧಪಟ್ಟವರ ಅಂಗಳಕ್ಕೆ ನಡೆಯುತ್ತಿದ್ದರು. ಹಿಂದಿನ ಮನೆಯ ಆನಿಬಾಯಿಯ ಮಗ ಜೇಮ್ಸ್ ದುಬಾಯಿಗೆ ಹೋದ ಮೊದಲ ವರ್ಷ ಕರೆ ಮಾಡಿದಾಗಲೂ ಹಾಗೆಯೇ ಆಯಿತು.

“ಜೇಮ್ಸ್ ಕ್ಷೇಮ. ಕೆಲಸ ಖಾಯಂ ಆಗಿದೆ. ಈಸ್ಟರಿಗೆ ಬರುವುದಿಲ್ಲ.”

“ಮತ್ತೆಂತ ಹೇಳಿದ?”

“ಅಷ್ಟೇ.”

ಆನಿಬಾಯಿ ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಪ್ಯಾಟ್ರಿಕ್ ಅಷ್ಟರಲ್ಲಿ ತಮ್ಮ ಜಗಲಿ ತಲುಪಿದ್ದರು. ಇಷ್ಟು ವರ್ಷಗಳಲ್ಲಿ ತಾವು ಮುಟ್ಟಿಸಿದ ಒಂದು ಸಂದೇಶವೂ ತಪ್ಪಿರಲಿಲ್ಲ ಎಂಬುದು ಅವರು ಬಾಯಿಬಿಟ್ಟು ಹೇಳದಿದ್ದರೂ ಒಳಗೇ ಇಟ್ಟುಕೊಂಡಿದ್ದ ಹೆಮ್ಮೆ.

ನಿವೃತ್ತರಾದ ಮೇಲೆ, ಎರಡು ಸಾವಿರದ ಒಂದನೆಯ ಇಸವಿಯಲ್ಲಿ, ಅವರನ್ನು ಒಂದು ಸರಕಾರಿ ಸಮಿತಿಗೆ ಕರೆದರು. ಫೋನು ಮತ್ತು ಕಂಪ್ಯೂಟರ್ ಜಾಲಗಳ ಕುರಿತು ಜಿಲ್ಲೆಯಲ್ಲಿ ಮುಂದಿನ ಐದು ವರ್ಷ ಯಾವ ಸಂಶೋಧನೆಗೆ ಸಾರ್ವಜನಿಕ ಹಣ ಸಿಗಬೇಕು, ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಆ ಸಮಿತಿ ನಿರ್ಧರಿಸಬೇಕಿತ್ತು. ಅಂಕ ಕೊಡುವ ಕ್ರಮವನ್ನು ರೂಪಿಸಿದವರು ಪ್ಯಾಟ್ರಿಕರೇ. ಅಗತ್ಯ, ವೆಚ್ಚ, ಸಾಧ್ಯತೆ ಎಂದು ಬೇರೆ ಬೇರೆ ಅಂಕ. ಅವುಗಳನ್ನು ಕೂಡುವುದಲ್ಲ, ಗುಣಿಸುವುದು. ಕೂಡಿದರೆ ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಗುಣಿಸಿದರೆ ಅದಕ್ಕೆ ಎಡೆಯಿಲ್ಲ ಎಂದು ಅವರು ವಿವರಿಸಿದಾಗ ಎಲ್ಲರೂ ತಲೆದೂಗಿದರು.

ಮಣಿಪಾಲದ ಸಭೆಗೆ ಶಾರ್ಲೆಟ್ ಎಂಬ ಯುವ ಎಂಜಿನಿಯರ್ ಬಂದಿದ್ದಳು. ಉದ್ಯಾವರದ ಹುಡುಗಿ, ಹಿಂದೊಮ್ಮೆ ಪ್ಯಾಟ್ರಿಕರ ವಿದ್ಯಾರ್ಥಿನಿ. ಅವಳೂ ಅವಳ ಇಬ್ಬರು ಗೆಳೆಯರೂ ಸೇರಿ, ಫೋನಿನಲ್ಲಿ ಆಡಿದ ಮಾತನ್ನು ಹಿಡಿದಿಡುವ ಯಂತ್ರವೊಂದನ್ನು ಕಟ್ಟಿದ್ದರು.

“ಓದು ಬರಹ ಬಾರದವರು ಫೋನ್ ಬೂತಿಗೆ ಬಂದು ಮಾತಾಡಿದರೆ ಸಾಕು, ಸರ್. ಆ ಕಡೆಯವರು ತಮಗೆ ಬಿಡುವಾದಾಗ ಹತ್ತಿರದ ಬೂತಿನಿಂದ ಈ ಯಂತ್ರಕ್ಕೆ ಫೋನ್ ಮಾಡಿ ಕೇಳಬಹುದು. ಅವರಿಗಾಗಿ ಯಾರೂ ಓಡಬೇಕಾಗಿಲ್ಲ. ಕಾಪುವಿನ ಒಂದು ಬೂತಿನಲ್ಲಿ ಇಟ್ಟು ನೋಡಿದ್ದೇವೆ. ಕೆಲವರು ಒಂದೇ ಮಾತನ್ನು ಎರಡು ಮೂರು ಸಲ ಕೇಳಿಸಿಕೊಂಡು ಹೋಗುತ್ತಾರೆ.”

“ಎರಡನೆಯ ಸಲ ಕೇಳಿದಾಗ ಹೊಸ ವಿಷಯವೇನಾದರೂ ಸಿಗುತ್ತದೆಯೆ?” ಎಂದು ಪ್ಯಾಟ್ರಿಕ್ ಕೇಳಿದರು.

“ವಿಷಯ ಸಿಗುವುದಿಲ್ಲ, ಸರ್.”

“ಮತ್ತೆಂತ ಸಿಗುತ್ತದೆ?”

ಶಾರ್ಲೆಟ್ ಏನೋ ಹೇಳಹೊರಟು ನಿಲ್ಲಿಸಿದಳು. ಯಾರೋ ನಕ್ಕರು.

ಪ್ಯಾಟ್ರಿಕ್ ನಗಲಿಲ್ಲ. ಒಂದು ನಿಮಿಷದ ಮಾತು ತಂತಿಯಲ್ಲಿ ಹಿಡಿಯುವ ಜಾಗದಲ್ಲಿ ಅಕ್ಷರವಾದರೆ ಒಂದು ಪುಸ್ತಕವೇ ಹೋದೀತು ಎಂದು ಅವರು ಲೆಕ್ಕ ತೋರಿಸಿದರು. ಪಂಚಾಯತಿಗಳಿಗೆ ಅಕ್ಷರ ತೋರಿಸುವ ಪರದೆಗಳನ್ನು ಕೊಡಿ. ಓದಲಾರದವರಿಗೆ ಅಲ್ಲಿಯವರು ಓದಿ ಹೇಳಲಿ ಎಂದರು. “ನಾನು ಊರಿನವರ ಸಂದೇಶಗಳನ್ನು ವರ್ಷಗಟ್ಟಲೆ ಮುಟ್ಟಿಸಿದ್ದೇನೆ. ನಡುವೆ ಒಬ್ಬ ಮನುಷ್ಯನಿದ್ದರೆ ಏನೂ ಕಳೆದುಹೋಗುವುದಿಲ್ಲ.”

ಅಗತ್ಯದ ಅಂಕದಲ್ಲಿ ಅವರು ಸೊನ್ನೆ ಬರೆದರು. ಉಳಿದ ಅಂಕಗಳು ಎಷ್ಟಿದ್ದರೂ ಗುಣಲಬ್ಧ ಸೊನ್ನೆಯೇ. ಶಾರ್ಲೆಟ್ ಅದನ್ನು ನೋಡಿ, ತಂದ ಯಂತ್ರವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, “ಥ್ಯಾಂಕ್ಸ್ ಸರ್” ಎಂದು ಹೊರಟುಹೋದಳು.

ಮರುವರ್ಷ ಪ್ಯಾಟ್ರಿಕರ ಪಕ್ಕದ ಜಾಗದಲ್ಲಿ ಹೊಸ ಮನೆಯ ಕೆಲಸ ಶುರುವಾಯಿತು. ಕುಷ್ಟಗಿ ಕಡೆಯ ಹಳ್ಳಿಯೊಂದರಿಂದ ಬಂದ ಹೊಳೆಪ್ಪ ಮತ್ತು ಅವನ ಹೆಂಡತಿ ರಾಚವ್ವ ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಇಳಿದುಕೊಂಡರು. ಪ್ಯಾಟ್ರಿಕರ ಬಾವಿಗೆ ನೀರಿಗೆ ಬರುತ್ತಿದ್ದ ರಾಚವ್ವನಿಗೆ ಅವರ ಹೆಂಡತಿ ವೆರೊನಿಕಾ ಫೋನ್ ನಂಬರನ್ನು ಕೊಟ್ಟುಬಿಟ್ಟರು.

“ಮತ್ತೆ ಪಿ.ಪಿ. ಶುರು ಮಾಡಿದೆಯಾ?” ಎಂದು ಪ್ಯಾಟ್ರಿಕ್ ಗದರಿದರು.

“ನಿಮಗೆ ಅಭ್ಯಾಸ ಉಂಟಲ್ಲ! ಅವಳ ಅಮ್ಮ ಒಬ್ಬಳೇ ಇರುವುದಂತೆ ಊರಲ್ಲಿ. ಅಂಗಡಿಯ ಫೋನಿನಿಂದ ಯಾವಾಗಲಾದರೊಮ್ಮೆ ಮಾಡುತ್ತಾಳೆ, ಅಷ್ಟೇ. ನಿಮ್ಮ ಗಂಟು ಎಂತ ಹೋಗುವುದು?”

ಆಷಾಢದ ಒಂದು ಮಧ್ಯಾಹ್ನ ಆ ಕರೆ ಬಂದಿತು. ವೆರೊನಿಕಾ ಇಗರ್ಜಿಗೆ ಹೋಗಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು.

“ರಾಚವ್ವ ಅದಾಳೇನ್ರಿ? ನಾ ಅಕಿ ಅವ್ವ ಮಾತಾಡಾಕತ್ತೀನ್ರಿ.”

“ಕೆಲಸದಲ್ಲಿದ್ದಾಳೆ. ವಿಷಯ ಹೇಳಿ, ತಿಳಿಸುತ್ತೇನೆ.”

“ಒಂದೀಟು ಕರೀರಿ ಸಾಹೇಬ್ರ. ಅಕಿ ಕೂಡ...” ಮಾತು ಕೆಮ್ಮಿನಲ್ಲಿ ನಿಂತಿತು. ಕೆಮ್ಮು ನಿಂತ ಮೇಲೂ ಉಸಿರು ಹಿಂದಿರುಗಲು ತಡವಾಯಿತು.

ರಾಚವ್ವ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದಳು. ಆದರೆ ಮಳೆಯ ಸದ್ದಿನಲ್ಲಿ ಕೂಗು ಕೇಳದು. ಕೊಡೆ ಬಿಡಿಸಿಕೊಂಡು ಹೋಗಬೇಕು, ಅವಳು ಕೈ ತೊಳೆದುಕೊಂಡು ಬರಬೇಕು. ಅಷ್ಟು ಹೊತ್ತು ಆ ಮುದುಕಿಯ ದುಡ್ಡು ವ್ಯರ್ಥ. ಪ್ಯಾಟ್ರಿಕರಿಗೆ ಇದು ದಯೆಯ ಲೆಕ್ಕವೆಂದೇ ತೋರಿತು.

“ನಿಮ್ಮ ದುಡ್ಡು ಸುಮ್ಮನೆ ಹೋಗುತ್ತದಮ್ಮ. ನನ್ನಲ್ಲಿ ಹೇಳಿ.”

“ನಾ ಆರಾಮ ಅದೀನಿ ಅಂತ ಹೇಳ್ರಿ.” ಮತ್ತೆ ಕೆಮ್ಮು. “ಪಂಚಮಿಗಿ ಬಾ ಅಂತ ಹೇಳ್ರಿ.”

“ಮತ್ತೆ?”

“ಮತ್ತೇನಿಲ್ರಿ... ಅಕಿ ಸಣ್ಣಾಕಿ ಇದ್ದಾಗ, ಜೋಕಾಲಿ ಮ್ಯಾಲೆ...”

“ಸರಿ, ತಿಳಿಸುತ್ತೇನೆ” ಎಂದು ಪ್ಯಾಟ್ರಿಕ್ ರಿಸೀವರ್ ಇಟ್ಟರು.

ಸಂಜೆ ಮಳೆ ಬಿಟ್ಟಾಗ ಅವರೇ ಬೇಲಿಯವರೆಗೆ ನಡೆದು ಹೇಳಿದರು. “ನಿನ್ನ ತಾಯಿ ಫೋನ್ ಮಾಡಿದ್ದರು. ಆರಾಮವಾಗಿದ್ದಾರೆ. ಪಂಚಮಿಗೆ ಬರಬೇಕಂತೆ.”

ರಾಚವ್ವನ ಮುಖ ಅರಳಿತು. “ಹೋಗಾಕ ಬೇಕ್ರಿ. ನಮ್ಮ ಕಡೆ ಪಂಚಮಿಗಿ ಹೆಣ್ಮಕ್ಕಳು ತವರಿಗಿ ಹೋಗದಿದ್ರ ನಡಿಯೂದಿಲ್ರಿ.” ಒಳಗೆ ಹೋಗಿ ಹೊಳೆಪ್ಪನಿಗೆ ಹೇಳಿ ನಕ್ಕದ್ದು ಬೇಲಿಯ ಈಚೆಗೂ ಕೇಳಿಸಿತು. ಅದುವರೆಗಿನ ಸಂದೇಶಗಳಂತೆ ಇದೂ ತಪ್ಪಿಲ್ಲದೆ ಮುಟ್ಟಿತ್ತು.

ಪಂಚಮಿಗೆ ಇನ್ನೂ ದಿನಗಳಿರುವಾಗಲೇ ಹಳ್ಳಿಯ ಅಂಗಡಿಯವನು ಕರೆ ಮಾಡಿ, ಮುದುಕಿ ತೀರಿಕೊಂಡಳೆಂದ. ಆ ದಿನ ಪ್ಯಾಟ್ರಿಕ್ ಕೊಡೆಯನ್ನೂ ಹುಡುಕದೆ ಮಳೆಯಲ್ಲಿ ಓಡಿದರು. ರಾಚವ್ವ ಬಂದು ಗಾರೆ ಹತ್ತಿದ ಕೈಯಲ್ಲೇ ರಿಸೀವರ್ ಹಿಡಿದಳು. ಅವಳು ಕೇಳಬೇಕಾಗಿದ್ದ ದನಿ ಅದರಲ್ಲಿರಲಿಲ್ಲ.

ಹೆಣ ಮಣ್ಣು ಮಾಡಿ, ಕಾರ್ಯ ಮುಗಿಸಿ ಗಂಡಹೆಂಡಿರು ಮರಳಿ ಬಂದರು. ಒಂದು ಬೆಳಿಗ್ಗೆ ರಾಚವ್ವ ಬಾವಿಗೆ ಬಂದವಳು ಕೊಡ ಕೆಳಗಿಟ್ಟು ಜಗಲಿಯ ಮೆಟ್ಟಿಲ ಬಳಿ ನಿಂತಳು.

“ಸಾಹೇಬ್ರ, ಆವತ್ತು ಅವ್ವನ ದನಿ ಹೆಂಗಿತ್ತ್ರಿ?”

ಪ್ಯಾಟ್ರಿಕರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. “ಕೆಮ್ಮುತ್ತಿದ್ದರು. ಮಾತಿನ ನಡುವೆ ಉಸಿರೆಳೆದುಕೊಳ್ಳಲು ಕಷ್ಟಪಡುತ್ತಿದ್ದರು.”

“ಇದನ್ನ ಆಗ ಯಾಕ ಹೇಳ್ಲಿಲ್ರಿ?”

“ಅವರು ಹೇಳಿ ಎಂದದ್ದನ್ನು ಹೇಳಿದೆ.”

“ಆಕಿ ಯಾವಾಗ ಆರಾಮಿಲ್ಲ ಅಂತಿದ್ಲ್ರಿ?” ರಾಚವ್ವನ ದನಿ ಏರಲಿಲ್ಲ. “ಸಾಯೂ ಹೊತ್ತಿನ್ಯಾಗೂ ಆರಾಮ ಅದೀನಿ ಅಂತಾನ ಅನ್ನಾಕಿ. ದನಿ ಕೇಳಿದ್ರ ನಂಗ ತಿಳೀತಿತ್ತು. ಆವತ್ತ ಬಸ್ಸು ಹತ್ತತಿದ್ದೆ.” ಒಂದು ಮೆಟ್ಟಿಲು ಹತ್ತಿ ಕೇಳಿದಳು. “ಮತ್ತೇನರ ಅಂದ್ಲೇನ್ರಿ?”

“ನೀನು ಚಿಕ್ಕವಳಿದ್ದಾಗ ಜೋಕಾಲಿಯಲ್ಲಿ... ಎಂದು ಏನೋ ಹೇಳುತ್ತಿದ್ದರು.”

“ಜೋಕಾಲ್ಯಾಗ ಏನ್ರಿ?”

“ನಾನು ಪೂರ್ತಿ ಕೇಳಲಿಲ್ಲ.”

ರಾಚವ್ವ ಕೊಡ ಎತ್ತಿಕೊಂಡು ಹೋದಳು. ಮರುದಿನದಿಂದ ರಸ್ತೆಯಾಚೆಯ ನಲ್ಲಿಯಿಂದ ನೀರು ತರತೊಡಗಿದಳು.

ಪ್ಯಾಟ್ರಿಕರಿಗೆ ಮಣಿಪಾಲದ ಸಭೆ ನೆನಪಾಯಿತು. ಸಂದೇಶ ‘ಆರಾಮ’ ಎಂದಿತ್ತು, ದನಿ ಅಲ್ಲವೆಂದಿತ್ತು. ಎರಡರಲ್ಲಿ ನಿಜವನ್ನು ತಾವು ಬೇಲಿಯ ಈಚೆಗೇ ಬಿಟ್ಟು, ಸುಳ್ಳನ್ನು ತಪ್ಪಿಲ್ಲದೆ ಮುಟ್ಟಿಸಿದ್ದರು. ಆ ಸೊನ್ನೆಯನ್ನಾದರೂ ತಿದ್ದಬೇಕೆಂದು ಅವರು ನಿಶ್ಚಯಿಸಿದರು.

ಸಮಿತಿಯ ಮರುಪರಿಶೀಲನಾ ಸಭೆ ನಡೆಯುವ ಹೊತ್ತಿಗೆ ಮತ್ತೊಂದು ವರ್ಷ ಕಳೆದಿತ್ತು. ಶಾರ್ಲೆಟಳ ಪ್ರಸ್ತಾವವನ್ನು ಮತ್ತೆ ಎತ್ತಿಕೊಳ್ಳಬೇಕೆಂದು ಪ್ಯಾಟ್ರಿಕ್ ಕೇಳಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮದೇ ಗುಣಾಕಾರ ಮಾರಾಯ್ರೆ. ಬೆಂಗಳೂರಿನವರೂ ಮೆಚ್ಚಿಕೊಂಡಾಗಿದೆ. ಪರದೆಗಳಿಗೆ ಹಣ ಹೋಗಿಯೂ ಆಯಿತು. ಈಗ ಒಂದು ಅಂಕ ಬದಲಿಸಿದರೆ ಉಳಿದವರೆಲ್ಲ ಬಂದು ಕೂರುವುದಿಲ್ಲವಾ?”

“ನಾನು ಕೊಟ್ಟ ಅಂಕ ತಪ್ಪು.”

“ತಪ್ಪೇ ಇರಲಿ. ಇನ್ನು ಎರಡು ವರ್ಷದಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ದನಿ ತನ್ನಷ್ಟಕ್ಕೇ ಹೋಗುತ್ತದೆ. ಅದಕ್ಕೆ ಸರಕಾರದ ಹಣ ಯಾಕೆ?”

ಅಧ್ಯಕ್ಷರ ಮಾತಿನಲ್ಲಿ ಹುರುಳಿತ್ತು. ಮೊಬೈಲು ಬರುವುದು ನಿಜ. ಅದು ಬರುವವರೆಗೆ ಬೂತಿನ ಮುಂದೆ ನಿಂತವರ, ಅಷ್ಟರೊಳಗೆ ತೀರಿಕೊಂಡವರ ದನಿಯನ್ನು ಯಾವ ಅಂಕದಲ್ಲಿ ಹಿಡಿಯಬೇಕೆಂದು ಪ್ಯಾಟ್ರಿಕರಿಗೆ ತಿಳಿಯಲಿಲ್ಲ. ಪ್ರಸ್ತಾವ ಬಿದ್ದುಹೋಯಿತು.

ಶಾರ್ಲೆಟ್ ಕಾರ್ಕಳದಲ್ಲಿ ಪಾಠ ಹೇಳುತ್ತಿದ್ದಾಳೆಂದು ಕೇಳಿ, ಪ್ಯಾಟ್ರಿಕ್ ಉಡುಪಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೂ ಹೋದರು. ಅವಳು ಕಾಲೇಜಿನ ಕ್ಯಾಂಟೀನಿನಲ್ಲಿ ಬನ್ಸ್, ಚಹಾ ತರಿಸಿದಳು. ಅವರು ನಡೆದುದನ್ನು ತಿಳಿಸಿದರು. ಜೀವನದಲ್ಲಿ ಮೊದಲ ಬಾರಿಗೆ ವಿಷಯವನ್ನು ಚಿಕ್ಕದು ಮಾಡದೆ, ಕೆಮ್ಮು, ಮಳೆ, ಜೋಕಾಲಿ ಎಲ್ಲವನ್ನೂ ಹೇಳಿದರು.

“ಆ ಯಂತ್ರ?” ಎಂದು ಕೊನೆಗೆ ಕೇಳಿದರು.

“ಇಲ್ಲ ಸರ್. ಕಾಪುವಿನ ಬೂತಿನವ ಆ ಜಾಗದಲ್ಲಿ ಜೆರಾಕ್ಸ್ ಇಟ್ಟಿದ್ದಾನೆ. ಗೆಳೆಯರೂ ಬೇರೆ ಕೆಲಸ ಹಿಡಿದರು.” ಅವಳು ಲೋಟವನ್ನು ತಿರುಗಿಸುತ್ತ ಕುಳಿತಳು. “ಅಲ್ಲಿಗೆ ಕುಶಲಾ ಎಂಬವಳು ಬರುತ್ತಿದ್ದಳು. ಗಂಡ ಬೊಂಬಾಯಿಯಲ್ಲಿ, ಮಗುವನ್ನು ಇನ್ನೂ ನೋಡಿರಲಿಲ್ಲ. ಯಂತ್ರದ ಮುಂದೆ ಮಗುವಿನ ತೊಡೆ ಚಿವುಟಿ ಅಳಿಸಿದಳು, ಅವ ಕೇಳಲಿ ಎಂದು. ಅವ ಅದನ್ನು ಎಷ್ಟು ಸಲ ಕೇಳಿದನೋ! ಆ ದಿನ ನೀವು ‘ಮತ್ತೆಂತ ಸಿಗುತ್ತದೆ’ ಎಂದು ಕೇಳಿದಾಗ ನನಗೆ ಇದೇ ಬಾಯಿಗೆ ಬಂದದ್ದು. ನಿಮ್ಮ ಎದುರು ಹೇಳಲು ನಾಚಿಕೆಯಾಯಿತು. ವಿಷಯ ಅಲ್ಲವಲ್ಲ, ಸರ್.”

“ಹೇಳಿದ್ದರೂ ನಾನು ಸೊನ್ನೆಯನ್ನೇ ಕೊಡುತ್ತಿದ್ದೆ” ಎಂದರು ಪ್ಯಾಟ್ರಿಕ್.

“ಗೊತ್ತಿತ್ತು” ಎಂದಳು ಶಾರ್ಲೆಟ್. ಬಸ್ಸಿನವರೆಗೆ ಬಂದು ಅವರನ್ನು ಹತ್ತಿಸಿದಳು.

ಅಧ್ಯಕ್ಷರು ಹೇಳಿದಂತೆಯೇ ಮೊಬೈಲುಗಳು ಬಂದವು. ಪಂಚಾಯತಿಯ ಪರದೆಗೆ ಯಾರೋ ಬಟ್ಟೆ ಹೊದಿಸಿದರು. ಪಕ್ಕದ ಮನೆ ಎದ್ದುನಿಂತಿತು. ಹೊಳೆಪ್ಪ ಮತ್ತು ರಾಚವ್ವ ಬೇರೆಲ್ಲಿಗೋ ಹೋದರು. ಪ್ಯಾಟ್ರಿಕರ ಫೋನನ್ನು ಕೇಳುವವರು ಇಲ್ಲವಾದರು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಒಂದು ದಿನ ಅದು ಬಡಿದುಕೊಂಡಿತು. ದುಬಾಯಿಯಿಂದ ಜೇಮ್ಸ್.

“ಪ್ಯಾಟ್ರಿಕ್ ಅಂಕಲ್, ಅಮ್ಮನ ಮೊಬೈಲ್ ಹೋಗುವುದೇ ಇಲ್ಲ. ಮನೆ ಒಳಗೆ ರೇಂಜ್ ಇಲ್ಲ ಕಾಣುತ್ತದೆ. ನಾನು ಕ್ಷೇಮ, ಕ್ರಿಸ್ಮಸ್ಸಿಗೆ ಬರುತ್ತೇನೆ. ಇಷ್ಟು ಹೇಳಿಬಿಡಿ ಸಾಕು.”

“ಹೇಳುವುದಿಲ್ಲ. ಕರೆದುಕೊಂಡು ಬರುತ್ತೇನೆ, ತಡೆ.”

“ಅಯ್ಯೋ ಬೇಡ ಅಂಕಲ್! ಅಮ್ಮನಿಗೆ ಮಂಡಿ ನೋವು, ನಡೆದು ಬರುವಾಗ ನನ್ನ ಫೋನ್ ಕಾರ್ಡು ಮುಗಿಯುತ್ತದೆ!”

“ಮುಗಿದರೆ ಇನ್ನೊಂದು ಹಾಕು” ಎಂದು ಪ್ಯಾಟ್ರಿಕ್ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಕೊಡೆ ತೆಗೆದುಕೊಂಡರು.

ಆನಿಬಾಯಿ ಅವರ ತೋಳು ಹಿಡಿದು, ಕೆಸರಿನಲ್ಲಿ ಹೆಜ್ಜೆ ಹುಡುಕುತ್ತ ಬಂದಳು. “ಎಂತ ಆಯಿತು ನಿಮಗೆ? ಹಿಂದೆಲ್ಲ ಗೇಟಿನಲ್ಲಿ ನಿಂತು ‘ಜೇಮ್ಸ್ ಕ್ಷೇಮ’ ಎಂದು ತಿರುಗಿ ನಡೆಯುತ್ತಿದ್ದಿರಿ. ಅವನ ಗಂಟಲು ಹೇಗಿತ್ತು ಎಂದು ಒಮ್ಮೆ ಕೇಳುವ ಎಂದರೆ, ನಿಮ್ಮನ್ನು ಯಾರು ಕೇಳುವುದು ಮಾರಾಯ್ರೆ, ಹೆದರಿಕೆ!”

“ಕೇಳಬೇಕಿತ್ತು” ಎಂದರು ಅವರು.

ಆನಿಬಾಯಿ ಒದ್ದೆ ಸೆರಗಿನಿಂದ ಕಿವಿ ಒರೆಸಿಕೊಂಡು ರಿಸೀವರ್ ಎತ್ತಿದಳು. “ಪುತಾ” ಎಂದು ಮಗನನ್ನು ಕರೆದವಳು, ಬಹಳ ಹೊತ್ತು ಕೇಳುತ್ತ ನಿಂತಳು. ಅಲ್ಲಿಂದ ಬರುತ್ತಿದ್ದುದು ಬೈಗುಳವೋ ನಗುವೋ ತಿಳಿಯುವಂತಿರಲಿಲ್ಲ. ಪ್ಯಾಟ್ರಿಕ್ ಜಗಲಿಗೆ ಬಂದು ಬಾಗಿಲನ್ನು ಮುಂದಕ್ಕೆಳೆದರು. ಬೇಲಿಯಾಚೆ, ಹಿಂದೆ ತಗಡಿನ ಶೆಡ್ಡಿದ್ದ ಜಾಗದಲ್ಲಿ, ಈಗ ಯಾರದೋ ಕಾರು ನೆನೆಯುತ್ತಿತ್ತು. ಕೂಗಿದರೆ ಕೇಳುವಷ್ಟೇ ದೂರ.